ಗೋಡೆ ಎಲ್ಲಿದೆ ಎಂದು ಮೊದಲು ನೋಡಿ: ಕನ್ಸೋಲ್ ಆಟಗಾರರಿಗೆ ನ್ಯಾಟ್ ಮಾರ್ಗದರ್ಶಿ

ನಾಲ್ವರು ಗೆಳೆಯರು ಒಂದೇ ಪಾರ್ಟಿ ಚಾಟ್‌ನಲ್ಲಿ ಇದ್ದಾರೆ ಎಂದುಕೊಳ್ಳಿ. ಮೊದಲನೆಯವನಿಗೆ ಉಳಿದ ಮೂವರ ಮಾತೂ ಕೇಳಿಸುತ್ತದೆ. ಎರಡನೆಯವನಿಗೂ ಮೂರನೆಯವನಿಗೂ ಬೇರೆಯವರ ಮಾತು ಕೇಳಿಸುತ್ತದೆ, ಒಬ್ಬರಿಗೊಬ್ಬರದು ಮಾತ್ರ ಕೇಳಿಸುವುದಿಲ್ಲ. ನಾಲ್ಕನೆಯವನು ಆಟ ಹೋಸ್ಟ್ ಮಾಡಿದರೆ ಯಾರಾದರೊಬ್ಬರು ಲಾಬಿಗೆ ಕಾಲಿಡುವ ಮೊದಲೇ ಹೊರಬೀಳುತ್ತಾರೆ. ಇಂಟರ್ನೆಟ್ ವೇಗದಲ್ಲಿ ಯಾರಿಗೂ ಕೊರತೆಯಿಲ್ಲ. ಸಿನಿಮಾ ತಡೆಯಿಲ್ಲದೆ ಓಡುತ್ತದೆ, ದೊಡ್ಡ ದೊಡ್ಡ ಆಟಗಳು ಸಲೀಸಾಗಿ ಡೌನ್‌ಲೋಡ್ ಆಗುತ್ತವೆ. ಹಾಗಾದರೆ ತೊಡಕು ಎಲ್ಲಿದೆ? ಕನ್ಸೋಲಿನ ಸೆಟ್ಟಿಂಗ್ಸ್ ತೆರೆದರೆ ಒಂದು ಮೂಲೆಯಲ್ಲಿ ಅದರ ಸುಳಿವು ಇರುತ್ತದೆ: ನ್ಯಾಟ್ ಟೈಪ್ ಸ್ಟ್ರಿಕ್ಟ್, ಇಲ್ಲವೇ ಟೈಪ್ 3, ಇಲ್ಲವೇ ಡಿ.

ಆ ಪದ ಕಂಡೊಡನೆ ಬಹಳಷ್ಟು ಮಂದಿ ಪೋರ್ಟ್ (ಒಂದು ವಿಳಾಸದೊಳಗಿನ ಬಾಗಿಲು) ಸಂಖ್ಯೆಗಳ ಪಟ್ಟಿಯೊಂದನ್ನು ಹುಡುಕಿಕೊಂಡು ರೂಟರಿನಲ್ಲಿ ತುಂಬತೊಡಗುತ್ತಾರೆ. ನಾನೂ ಹಾಗೆಯೇ ಆರಂಭಿಸಿದೆ. ಎರಡು ಸಂಜೆ ಪೂರ್ತಿ ಕೂತು ಪ್ರತಿಯೊಂದು ಸಂಖ್ಯೆಯನ್ನೂ ಸರಿಯಾಗಿಯೇ ತುಂಬಿದೆ, ಆದರೂ ಸ್ಟ್ರಿಕ್ಟ್ ಸ್ಟ್ರಿಕ್ಟ್ ಆಗಿಯೇ ಉಳಿಯಿತು. ಕಾರಣ ತಿಳಿದದ್ದು ಮೂರನೆಯ ದಿನ. ನನ್ನ ರೂಟರಿಗಿಂತ ಮೇಲೆ ಸೇವಾದಾರರು ಕೊಟ್ಟಿದ್ದ ಇನ್ನೊಂದು ಪೆಟ್ಟಿಗೆ ಇತ್ತು, ಅದೂ ರೂಟರಿನ ಕೆಲಸವನ್ನೇ ಮಾಡುತ್ತಿತ್ತು. ಒಳಬಾಗಿಲಿನ ಚಿಲಕ ತೆಗೆದಿದ್ದೆ, ಹೊರಬಾಗಿಲಿನ ಬೀಗ ಹಾಗೆಯೇ ಇತ್ತು. ಆದ್ದರಿಂದ ಈ ಮಾರ್ಗದರ್ಶಿ ಪೋರ್ಟ್ ಪಟ್ಟಿಯಿಂದ ಆರಂಭವಾಗುವುದಿಲ್ಲ. ಮೊದಲು ಗೋಡೆಗಳನ್ನು ಎಣಿಸೋಣ, ಬಾಗಿಲು ತೆರೆಯುವ ಮಾತು ಆಮೇಲೆ.

## ನ್ಯಾಟ್ ಏಕೆ ಬಂತು

ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿ ಐಪಿವಿ4 ಎಂಬುದು 32 ಬಿಟ್‌ಗಳದ್ದು. ಅದರಲ್ಲಿ ಸಿಗುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಇಡೀ ಜಗತ್ತಿನ ಕಂಪ್ಯೂಟರ್, ಮೊಬೈಲ್, ಟಿವಿ, ಕನ್ಸೋಲ್‌ಗಳಿಗೆ ಇದು ಸಾಲದು ಎಂಬುದು 1990ರ ದಶಕದ ಆರಂಭದಲ್ಲೇ ತಂತ್ರಜ್ಞರಿಗೆ ಗೊತ್ತಾಗಿತ್ತು. 1994ರಲ್ಲಿ ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್ ಎಂಬ ಉಪಾಯ ದಾಖಲೆಗೆ ಬಂತು. ಅದರ ಚಿಕ್ಕ ಹೆಸರೇ ನ್ಯಾಟ್. ಮನೆಯೊಳಗಿನ ಸಾಧನಗಳಿಗೆ ಖಾಸಗಿ ವಿಳಾಸಗಳು, ಹೊರಗಿನ ಜಗತ್ತಿಗೆ ಇಡೀ ಮನೆಗೆ ಒಂದೇ ಸಾರ್ವಜನಿಕ ವಿಳಾಸ, ನಡುವೆ ನಿಂತು ಎರಡನ್ನೂ ಅದಲುಬದಲು ಮಾಡುವುದು ರೂಟರ್. 1996ರಲ್ಲಿ ಖಾಸಗಿ ಬಳಕೆಗೆಂದು ಮೂರು ಗುಂಪುಗಳು ಖಚಿತವಾದವು: 10 ರಿಂದ ಆರಂಭವಾಗುವ ವಿಳಾಸಗಳು, 172.16 ರಿಂದ 172.31 ರವರೆಗಿನವು, ಮತ್ತು 192.168 ರಿಂದ ಆರಂಭವಾಗುವವು. ಈ ಮೂರನ್ನು ನೆನಪಿನಲ್ಲಿಡಿ. ಮುಂದೆ ಗೋಡೆ ಎಣಿಸುವಾಗ ಇವೇ ನಮ್ಮ ಅಳತೆಗೋಲು.

ತಾತ್ಕಾಲಿಕ ಏರ್ಪಾಡು ಎಂದುಕೊಂಡದ್ದು ಕಾಯಂ ಆಯಿತು. 2011ರ ಫೆಬ್ರವರಿ 3ರಂದು ಐಪಿವಿ4ರ ಕೇಂದ್ರ ದಾಸ್ತಾನಿನ ಕೊನೆಯ ಭಾಗಗಳನ್ನೂ ಹಂಚಿ ಮುಗಿಸಲಾಯಿತು. ಅಲ್ಲಿಂದ ಮುಂದೆ ನ್ಯಾಟ್ ಇನ್ನಷ್ಟು ದಟ್ಟವಾಯಿತೇ ಹೊರತು ಕಡಿಮೆಯಾಗಲಿಲ್ಲ.

## ರೂಟರಿನ ಪುಸ್ತಕದೊಳಗೆ ಒಮ್ಮೆ ಇಣುಕಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಇದು ಅರ್ಥವಾದರೆ ಉಳಿದ ಎಲ್ಲ ಹಂತಗಳೂ ತಾವಾಗಿಯೇ ಅರ್ಥವಾಗುತ್ತವೆ. ಇದನ್ನು ಬಿಟ್ಟರೆ ಮುಂದಿನದೆಲ್ಲ ಕಂಠಪಾಠವಾಗುತ್ತದೆ.

ನಿಮ್ಮ ಕನ್ಸೋಲಿನ ವಿಳಾಸ 192.168.1.20 ಎಂದಿರಲಿ, ಆಟ ಬಳಸುವ ಪೋರ್ಟ್ 3074. ನಿಮ್ಮ ರೂಟರಿನ ಸಾರ್ವಜನಿಕ ವಿಳಾಸ 203.0.113.45. ಕನ್ಸೋಲ್ ಆಟದ ಸರ್ವರ್‌ಗೆ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಣುಕು, ಕಳುಹಿಸುತ್ತದೆ. ರೂಟರ್ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ಒಳಗಿನ 192.168.1.20, ಪೋರ್ಟ್ 3074, ಹೊರಗಿನ 203.0.113.45, ಪೋರ್ಟ್ 41002. ಸರ್ವರ್‌ನಿಂದ ಉತ್ತರ 41002ಕ್ಕೆ ಬಂದಾಗ ಆ ಸಾಲನ್ನು ನೋಡಿ ಕನ್ಸೋಲಿಗೆ ತಲುಪಿಸುತ್ತದೆ. ಸ್ವಲ್ಪ ಹೊತ್ತು ಯಾವ ಪ್ಯಾಕೆಟ್ಟೂ ಓಡಾಡದಿದ್ದರೆ ಸಾಲನ್ನು ಅಳಿಸಿಹಾಕುತ್ತದೆ. ಯುಡಿಪಿ (ತಲುಪಿತೇ ಎಂದು ಕಾಯದೆ ಪ್ಯಾಕೆಟ್ ಕಳುಹಿಸುವ ವಿಧಾನ) ಸಂಪರ್ಕಕ್ಕೆ ಈ ಅವಧಿ 2 ನಿಮಿಷಕ್ಕಿಂತ ಕಡಿಮೆ ಇರಬಾರದು, 5 ನಿಮಿಷ ಇದ್ದರೆ ಒಳ್ಳೆಯದು ಎಂಬುದು 2007ರ ಶಿಫಾರಸು. ಎಲ್ಲ ರೂಟರ್‌ಗಳೂ ಇದನ್ನು ಪಾಲಿಸುವುದಿಲ್ಲ.

ನಾವೇ ಮೊದಲು ಮಾತನಾಡಿಸಿದವರ ಉತ್ತರ ಒಳಗೆ ಬರಲು ಈ ಪುಸ್ತಕ ಸಾಕು. ಸಿನಿಮಾ, ಡೌನ್‌ಲೋಡ್, ಜಾಲತಾಣ ಎಲ್ಲವೂ ಇದೇ ರೀತಿಯವು, ಹಾಗಾಗಿಯೇ ಅವುಗಳಿಗೆ ನ್ಯಾಟ್ ತೊಡಕಾಗುವುದಿಲ್ಲ. ಕಷ್ಟ ಬರುವುದು ಕನ್ಸೋಲ್ ಮತ್ತೊಂದು ಕನ್ಸೋಲಿನೊಂದಿಗೆ ನೇರವಾಗಿ ಮಾತನಾಡಬೇಕಾದಾಗ. ಇಬ್ಬರೂ ತಮ್ಮ ತಮ್ಮ ರೂಟರಿನ ಹಿಂದೆ ಇದ್ದಾರೆ. ಇಬ್ಬರ ಪುಸ್ತಕದಲ್ಲೂ ಇನ್ನೊಬ್ಬರ ಹೆಸರಿಲ್ಲ. ಕರೆಯದೆ ಬಂದ ಪ್ಯಾಕೆಟನ್ನು ರೂಟರ್ ಏನು ಮಾಡುತ್ತದೆ? ನ್ಯಾಟ್ ಟೈಪ್ ಎಂಬುದು ಮೂಲದಲ್ಲಿ ಈ ಒಂದು ಪ್ರಶ್ನೆಗೆ ಸಿಗುವ ಉತ್ತರ.

ಹೊರಬರುವ ದಾರಿಯನ್ನು ಆಟಗಳು ಕಂಡುಕೊಂಡಿವೆ. ಸರ್ವರ್ ಮಧ್ಯವರ್ತಿಯಾಗಿ ನಿಂತು ನಿಮ್ಮ ಹೊರಗಿನ ವಿಳಾಸ ಮತ್ತು ಪೋರ್ಟನ್ನು ಗೆಳೆಯನಿಗೆ, ಗೆಳೆಯನದನ್ನು ನಿಮಗೆ ತಿಳಿಸುತ್ತದೆ. ಇಬ್ಬರೂ ಒಂದೇ ಸಮಯಕ್ಕೆ ಪರಸ್ಪರ ಪ್ಯಾಕೆಟ್ ಕಳುಹಿಸುತ್ತಾರೆ. ಮೊದಲ ಪ್ಯಾಕೆಟ್ ಆಚೆಯ ಗೋಡೆಗೆ ಬಡಿದು ಬಿದ್ದುಹೋಗಬಹುದು. ಆದರೆ ಅದು ಹೊರಟಾಗ ನಮ್ಮ ರೂಟರಿನ ಪುಸ್ತಕದಲ್ಲಿ ಗೆಳೆಯನ ಹೆಸರಿನ ಸಾಲು ಬರೆದಾಗಿರುತ್ತದೆ, ಆದ್ದರಿಂದ ಅವನ ಮುಂದಿನ ಪ್ಯಾಕೆಟ್ ಒಳಗೆ ಬರುತ್ತದೆ. ಇದನ್ನು ಹೋಲ್ ಪಂಚಿಂಗ್ ಎನ್ನುತ್ತಾರೆ. ಗೋಡೆಯ ಎರಡೂ ಕಡೆಯಿಂದ ಒಂದೇ ಜಾಗಕ್ಕೆ ಕೊರೆದಂತೆ.

ಒಂದೇ ಜಾಗಕ್ಕೆ ಎಂಬುದೇ ಇಲ್ಲಿ ಮುಖ್ಯ. ಕೆಲವು ರೂಟರ್‌ಗಳು ಪ್ರತಿ ಹೊಸ ಗಮ್ಯಕ್ಕೂ ಬೇರೆ ಬೇರೆ ಹೊರಪೋರ್ಟ್ ಕೊಡುತ್ತವೆ. ಸರ್ವರ್ ಜೊತೆ ಮಾತನಾಡುವಾಗ 41002, ಗೆಳೆಯನಿಗೆ ಕಳುಹಿಸುವಾಗ 41377. ಸರ್ವರ್‌ಗೆ ಗೊತ್ತಿರುವುದು 41002 ಮಾತ್ರ, ಗೆಳೆಯನಿಗೆ ಅದನ್ನೇ ಹೇಳುತ್ತದೆ. ಗೆಳೆಯನ ರೂಟರ್ 41002ರಿಂದ ಬರುವುದನ್ನು ಎದುರುನೋಡುತ್ತ ಕೂತಿರುತ್ತದೆ. ನಿಮ್ಮ ಪ್ಯಾಕೆಟ್ 41377ರಿಂದ ಬರುತ್ತದೆ, ಅಪರಿಚಿತ ಎಂದು ತಳ್ಳಿಬಿಡುತ್ತದೆ. ಅವನ ಪ್ಯಾಕೆಟ್ ನಿಮ್ಮ 41002ಕ್ಕೆ ಬರುತ್ತದೆ. ಆ ಸಾಲು ಸರ್ವರ್‌ಗೆ ಮಾತ್ರ ಮೀಸಲು, ಹಾಗಾಗಿ ಅದೂ ಬಿದ್ದುಹೋಗುತ್ತದೆ. ಇಬ್ಬರೂ ಕೊರೆಯುತ್ತಾರೆ, ರಂಧ್ರಗಳು ಮಾತ್ರ ಸಂಧಿಸುವುದೇ ಇಲ್ಲ. ಇಂಥ ನ್ಯಾಟ್‌ಗೆ ಸಿಮೆಟ್ರಿಕ್ ಎಂದು ಹೆಸರು. ಕನ್ಸೋಲುಗಳು ಇದನ್ನು ಸಾಮಾನ್ಯವಾಗಿ ಸ್ಟ್ರಿಕ್ಟ್ ಎಂದು ತೋರಿಸುತ್ತವೆ.

ಈಗ ಗೆಳೆಯನ ಪೋರ್ಟ್ ಯಾರಿಗಾದರೂ ತೆರೆದಿದೆ ಎಂದುಕೊಳ್ಳಿ. 41377ರಿಂದ ಬಂದ ನಿಮ್ಮ ಪ್ಯಾಕೆಟನ್ನು ಅವನ ರೂಟರ್ ಒಳಗೆ ಬಿಡುತ್ತದೆ, ಅವನ ಕನ್ಸೋಲ್ ಅದೇ 41377ಕ್ಕೆ ಉತ್ತರಿಸುತ್ತದೆ, ಸಂಪರ್ಕ ಕೂಡಿಕೊಳ್ಳುತ್ತದೆ. ಓಪನ್ ಇರುವವನು ಎಲ್ಲರೊಂದಿಗೂ ಆಡಬಲ್ಲ, ಮಾಡರೇಟ್ ಇರುವವನು ಓಪನ್ ಮತ್ತು ಮಾಡರೇಟ್ ಜೊತೆ, ಸ್ಟ್ರಿಕ್ಟ್ ಇರುವವನು ಓಪನ್ ಜೊತೆ ಮಾತ್ರ ಎಂಬ ನಿಯಮ ಹುಟ್ಟಿದ್ದು ಹೀಗೆ. ಆರಂಭದಲ್ಲಿ ಹೇಳಿದ ನಾಲ್ವರ ಪಾರ್ಟಿಯಲ್ಲಿ ಎರಡನೆಯವನೂ ಮೂರನೆಯವನೂ ಸ್ಟ್ರಿಕ್ಟ್ ಆಗಿದ್ದರೆ ಅವರಿಬ್ಬರ ನಡುವೆ ಮಾತ್ರ ಮೌನ ಏಕೆ ಎಂಬುದು ಈಗ ಸ್ಪಷ್ಟವಾಗಬೇಕು.

## ಮೂರು ಕನ್ಸೋಲ್, ಮೂರು ಭಾಷೆ

ಎಕ್ಸ್‌ಬಾಕ್ಸ್ ಓಪನ್, ಮಾಡರೇಟ್, ಸ್ಟ್ರಿಕ್ಟ್ ಎನ್ನುತ್ತದೆ. ಪ್ಲೇಸ್ಟೇಷನ್ ಟೈಪ್ 1, 2, 3 ಎನ್ನುತ್ತದೆ. ನಿಂಟೆಂಡೊ ಸ್ವಿಚ್ ಎ, ಬಿ, ಸಿ, ಡಿ, ಎಫ್ ಎಂಬ ಅಕ್ಷರಗಳನ್ನು ಬಳಸುತ್ತದೆ. ಇವನ್ನು ಅಕ್ಕಪಕ್ಕ ಇಟ್ಟು ಸಮ ಎನ್ನುವ ಚಿತ್ರಗಳು ಎಲ್ಲೆಡೆ ಸಿಗುತ್ತವೆ, ಆದರೆ ಅವು ಅರ್ಧ ಮಾತ್ರ ಸರಿ.

ಪ್ಲೇಸ್ಟೇಷನ್‌ನ ಟೈಪ್ 1 ಎಂದರೆ ಕನ್ಸೋಲ್ ನಡುವೆ ರೂಟರ್ ಇಲ್ಲದೆ ನೇರವಾಗಿ ಇಂಟರ್ನೆಟ್‌ಗೆ ಜೋಡಿಸಿಕೊಂಡಿದೆ ಎಂದರ್ಥ. ರೂಟರಿನ ಹಿಂದೆ ಇದ್ದು ಸರಿಯಾಗಿ ಕೆಲಸ ಮಾಡುವ ಕನ್ಸೋಲಿಗೆ ಸಿಗುವುದು ಟೈಪ್ 2. ಅಂದರೆ ಟೈಪ್ 2 ಎರಡನೆಯ ದರ್ಜೆಯಲ್ಲ, ಅದೇ ನಾವು ಮುಟ್ಟಬೇಕಾದ ಗುರಿ. ಟೈಪ್ 1 ಬೇಕೆಂದು ಇಡೀ ರಾತ್ರಿ ಹೆಣಗುವವರನ್ನು ಕಂಡಿದ್ದೇನೆ; ಆ ಶ್ರಮದಿಂದ ಅವರಿಗೆ ದಕ್ಕುವುದು ಏನೂ ಇಲ್ಲ. ಟೈಪ್ 3 ಬಂದಿದ್ದರೆ ಮಾತ್ರ ಕೈಹಾಕಿ.

ಒಂದು ಮಾತು ಸೇರಿಸಬೇಕು. ಟೈಪ್ 2 ಎಂಬ ಒಂದೇ ಹೆಸರಿನೊಳಗೆ ಎಕ್ಸ್‌ಬಾಕ್ಸ್ ಓಪನ್ ಎನ್ನುವಂಥದ್ದೂ ಮಾಡರೇಟ್ ಎನ್ನುವಂಥದ್ದೂ ಅಡಗಿರಬಹುದು. ಕಾಲ್ ಆಫ್ ಡ್ಯೂಟಿಯಂಥ ಆಟಗಳು ತಮ್ಮದೇ ಪರೀಕ್ಷೆ ನಡೆಸಿ ತಮ್ಮ ಸೆಟ್ಟಿಂಗ್ಸ್‌ನಲ್ಲಿ ಬೇರೆಯೇ ಫಲಿತಾಂಶ ತೋರಿಸುತ್ತವೆ. ಕನ್ಸೋಲ್ ಟೈಪ್ 2 ಎಂದು, ಆಟ ಮಾಡರೇಟ್ ಎಂದು ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಆ ಆಟದ ಮಟ್ಟಿಗೆ ಆಟದ ಮಾತನ್ನೇ ನಂಬಿ.

ಸ್ವಿಚ್‌ನಲ್ಲಿ ಎ ಮತ್ತು ಬಿ ಬಂದರೆ ನಿಶ್ಚಿಂತರಾಗಿ. ಸಿ ಇದ್ದರೆ ಕೆಲವರೊಂದಿಗೆ ಕೂಡುತ್ತದೆ, ಕೆಲವರೊಂದಿಗೆ ಇಲ್ಲ. ಡಿ ಇದ್ದರೆ ಎದುರಿನವರು ಎ ಆಗಿರಬೇಕು. ಎಫ್ ಎಂದರೆ ಯುಡಿಪಿ ಸಂಚಾರವನ್ನೇ ಯಾವುದೋ ಫೈರ್‌ವಾಲ್ ತಡೆಯುತ್ತಿರುವ ಸಂಭವ ಹೆಚ್ಚು.

## ಹಂತ 1: ಈಗಿನ ಸ್ಥಿತಿಯನ್ನು ಬರೆದಿಡಿ

ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಕನೆಕ್ಷನ್ ಸ್ಟೇಟಸ್, ಅಲ್ಲಿ ಟೆಸ್ಟ್ ಇಂಟರ್ನೆಟ್ ಕನೆಕ್ಷನ್. ಎಕ್ಸ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ನೆಟ್‌ವರ್ಕ್ ಸೆಟ್ಟಿಂಗ್ಸ್, ಅಲ್ಲಿ ಟೆಸ್ಟ್ ನ್ಯಾಟ್ ಟೈಪ್. ಸ್ವಿಚ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಇಂಟರ್ನೆಟ್, ಟೆಸ್ಟ್ ಕನೆಕ್ಷನ್. ಫಲಿತಾಂಶದ ಫೋಟೊ ತೆಗೆದಿಟ್ಟುಕೊಳ್ಳಿ. ಎಕ್ಸ್‌ಬಾಕ್ಸ್ ಡಬಲ್ ನ್ಯಾಟ್ ಡಿಟೆಕ್ಟೆಡ್ ಎಂದು ಹೇಳಿದರೆ ಅರ್ಧ ಕೆಲಸ ಅದೇ ಮಾಡಿಕೊಟ್ಟಂತೆ, ಆದರೂ ಮುಂದಿನ ಹಂತವನ್ನು ಬಿಡಬೇಡಿ.

## ಹಂತ 2: ಗೋಡೆಗಳನ್ನು ಎಣಿಸಿ

ಒಂದು ಕಾಗದದಲ್ಲಿ ಮೂರು ವಿಳಾಸಗಳನ್ನು ಬರೆಯಿರಿ.

ಮೊದಲನೆಯದು ಕನ್ಸೋಲಿನ ಐಪಿ ವಿಳಾಸ. ಮೇಲಿನ ಮೆನುಗಳಲ್ಲೇ ಸಿಗುತ್ತದೆ. ಎರಡನೆಯದು ರೂಟರಿನ ವ್ಯಾನ್ ವಿಳಾಸ, ಅಂದರೆ ಹೊರಮುಖದ ವಿಳಾಸ. ಇದಕ್ಕೆ ರೂಟರಿನ ಆಡಳಿತ ಪುಟ ತೆರೆಯಬೇಕು. ಕನ್ಸೋಲ್ ತೋರಿಸುವ ಡಿಫಾಲ್ಟ್ ಗೇಟ್‌ವೇ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ಆ ಪುಟ ಬರುತ್ತದೆ. ಸ್ಟೇಟಸ್ ಅಥವಾ ಇಂಟರ್ನೆಟ್ ಎಂಬ ವಿಭಾಗದಲ್ಲಿ ವ್ಯಾನ್ ಐಪಿ ಇರುತ್ತದೆ. ಮೂರನೆಯದು ಹೊರಜಗತ್ತಿಗೆ ಕಾಣುವ ವಿಳಾಸ. ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಸೇರಿಸಿದ ಮೊಬೈಲಿನಿಂದ ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ತೆರೆದರೆ ಗೊತ್ತಾಗುತ್ತದೆ. ಅಲ್ಲಿ ಎರಡು ವಿಳಾಸ ಕಂಡರೆ ಚುಕ್ಕೆಗಳಿರುವುದು ಐಪಿವಿ4, ಅದನ್ನೇ ಬರೆದುಕೊಳ್ಳಿ.

ಎರಡನೆಯದೂ ಮೂರನೆಯದೂ ಒಂದೇ ಆಗಿದ್ದರೆ ನಿಮ್ಮದು ಒಂದೇ ಗೋಡೆ. ಹಂತ 3ನ್ನು ಬಿಟ್ಟು ಹಂತ 4ಕ್ಕೆ ಹೋಗಿ.

ಎರಡನೆಯದು ನಾವು ಆಗ ನೆನಪಿಟ್ಟುಕೊಂಡ ಮೂರು ಖಾಸಗಿ ಗುಂಪುಗಳಲ್ಲಿ ಒಂದಕ್ಕೆ ಸೇರಿದ್ದರೆ ನಿಮ್ಮ ರೂಟರಿನ ಮೇಲೆ ಇನ್ನೊಂದು ನ್ಯಾಟ್ ಇದೆ. ಅದು ನಿಮ್ಮ ಮನೆಯಲ್ಲೇ ಇರುವ ಪೆಟ್ಟಿಗೆಯೂ ಆಗಿರಬಹುದು, ಸೇವಾದಾರರ ಕಡೆಯದೂ ಆಗಿರಬಹುದು. ಮನೆಗೆ ಬರುವ ತಂತಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿ: ಗೋಡೆಯಿಂದ ಯಾವ ಪೆಟ್ಟಿಗೆಗೆ, ಅಲ್ಲಿಂದ ಯಾವುದಕ್ಕೆ, ಅಲ್ಲಿಂದ ಕನ್ಸೋಲಿಗೆ. ವೈಫೈ ಹೆಸರು ಎರಡು ಪೆಟ್ಟಿಗೆಗಳಿಂದ ಬರುತ್ತಿದ್ದರೆ ಅನುಮಾನ ಬಲವಾಗುತ್ತದೆ.

ಎರಡನೆಯದು 100.64 ರಿಂದ 100.127 ರವರೆಗಿನ ವ್ಯಾಪ್ತಿಯಲ್ಲಿದ್ದರೆ ಅದು ಕ್ಯಾರಿಯರ್ ಗ್ರೇಡ್ ನ್ಯಾಟ್. ಸೇವಾದಾರರು ತಮ್ಮ ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸುವ ಈ ಪದ್ಧತಿಗೆಂದೇ 2012ರಲ್ಲಿ ಈ ವಿಳಾಸಗಳನ್ನು ಮೀಸಲಿಡಲಾಯಿತು. ನಿಮ್ಮ ರೂಟರಿನಲ್ಲಿ ಏನು ಮಾಡಿದರೂ ಆ ಮೇಲಿನ ಗೋಡೆ ಅಲುಗುವುದಿಲ್ಲ. ನೇರವಾಗಿ ಹಂತ 7ಕ್ಕೆ ಹೋಗಿ.

## ಹಂತ 3: ಎರಡು ಗೋಡೆಗಳನ್ನು ಒಂದಾಗಿಸಿ

ಎರಡೂ ಪೆಟ್ಟಿಗೆಗಳು ಮನೆಯಲ್ಲೇ ಇದ್ದರೆ ಮೂರು ದಾರಿಗಳಿವೆ. ಇಲ್ಲದಿದ್ದರೆ ಹಂತ 7ಕ್ಕೆ ಹೋಗಿ.

ಎಲ್ಲಕ್ಕಿಂತ ಶುದ್ಧವಾದದ್ದು ಮೇಲಿನ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕುವುದು. ಆಗ ಅದು ವಿಳಾಸ ಬದಲಿಸುವ ಕೆಲಸ ನಿಲ್ಲಿಸಿ ಸುಮ್ಮನೆ ಸಂಕೇತವನ್ನು ದಾಟಿಸುತ್ತದೆ, ಸಾರ್ವಜನಿಕ ವಿಳಾಸ ನೇರವಾಗಿ ನಿಮ್ಮ ರೂಟರಿಗೆ ಸಿಗುತ್ತದೆ. ಆದರೆ ಒಂದು ಎಚ್ಚರ. ಸಂಪರ್ಕ ಪಿಪಿಪಿಒಇ ವಿಧಾನದ್ದಾಗಿದ್ದರೆ ಮೇಲಿನ ಪೆಟ್ಟಿಗೆಯಲ್ಲಿದ್ದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇನ್ನು ಮುಂದೆ ನಿಮ್ಮ ರೂಟರಿನಲ್ಲಿ ಇರಬೇಕು. ಅದನ್ನು ಮೊದಲೇ ಸೇವಾದಾರರಿಂದ ಕೇಳಿ ಪಡೆದಿರದಿದ್ದರೆ ಇಂಟರ್ನೆಟ್ ಇಲ್ಲದ ಮನೆಯಲ್ಲಿ ಸಹಾಯವಾಣಿಗೆ ಕಾಯುತ್ತ ಕೂರಬೇಕಾಗುತ್ತದೆ. ಬದಲಿಸುವ ಮುನ್ನ ಪ್ರತಿ ಪುಟದ ಫೋಟೊ ತೆಗೆಯಿರಿ.

ಎರಡನೆಯ ದಾರಿ ಇದಕ್ಕೆ ತಿರುಗುಮುರುಗು: ನಿಮ್ಮ ಸ್ವಂತ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಅದು ವೈಫೈ ಮಾತ್ರ ಹರಡಲಿ, ನ್ಯಾಟ್ ಮೇಲಿನ ಪೆಟ್ಟಿಗೆಯ ಕೆಲಸವಾಗಿರಲಿ. ಮೆಶ್ ವೈಫೈ ಕೊಂಡು ಸೇವಾದಾರರ ಪೆಟ್ಟಿಗೆಗೆ ಜೋಡಿಸಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸುಲಭ, ಅಪಾಯವೂ ಕಡಿಮೆ.

ಮೂರನೆಯದು ಮೇಲಿನ ಪೆಟ್ಟಿಗೆಯಲ್ಲಿ ಡಿಎಂಜೆಡ್ ಎಂಬ ಆಯ್ಕೆಗೆ ನಿಮ್ಮ ರೂಟರಿನ ವ್ಯಾನ್ ವಿಳಾಸ ಕೊಡುವುದು. ಕರೆಯದೆ ಬಂದದ್ದೆಲ್ಲ ನಿಮ್ಮ ರೂಟರಿಗೆ ಬರುತ್ತದೆ, ನಿಮ್ಮ ರೂಟರಿನ ಫೈರ್‌ವಾಲ್ ಅದನ್ನು ಸೋಸುತ್ತದೆ. ಬ್ರಿಡ್ಜ್ ಮೋಡ್ ಬೀಗ ಹಾಕಿದ ಸ್ಥಿತಿಯಲ್ಲಿರುವ ಪೆಟ್ಟಿಗೆಗಳಿಗೆ ಇದು ಒಳ್ಳೆಯ ಉಪಾಯ. ನನ್ನ ಮೂರನೆಯ ದಿನದ ಸಂಜೆ ಕೊನೆಗೂ ಓಪನ್ ಎಂಬ ಪದ ಕಂಡದ್ದು ಇದರಿಂದಲೇ. ಪೋರ್ಟ್ ಪಟ್ಟಿಯಲ್ಲಿ ಒಂದು ಅಂಕಿಯನ್ನೂ ಬದಲಿಸಿರಲಿಲ್ಲ.

ಬದಲಾವಣೆ ಆದ ಮೇಲೆ ಹಂತ 2ರ ಕಾಗದವನ್ನು ಮತ್ತೆ ತೆಗೆದು ಲೆಕ್ಕ ಹಾಕಿ. ಬ್ರಿಡ್ಜ್ ಅಥವಾ ಆಕ್ಸೆಸ್ ಪಾಯಿಂಟ್ ದಾರಿ ಹಿಡಿದಿದ್ದರೆ, ನ್ಯಾಟ್ ಮಾಡುತ್ತಿರುವ ಪೆಟ್ಟಿಗೆಯ ವ್ಯಾನ್ ವಿಳಾಸ ಮತ್ತು ಹೊರಗೆ ಕಾಣುವ ವಿಳಾಸ ಈಗ ಒಂದೇ ಆಗಿರಬೇಕು.

## ಹಂತ 4: ಕನ್ಸೋಲಿಗೆ ಕಾಯಂ ವಿಳಾಸ

ರೂಟರ್ ತನ್ನೊಳಗಿನ ಸಾಧನಗಳಿಗೆ ವಿಳಾಸಗಳನ್ನು ಡಿಎಚ್‌ಸಿಪಿ ಮೂಲಕ ಹಂಚುತ್ತದೆ, ಕೆಲವು ದಿನಗಳ ನಂತರ ಅದು ಬದಲಾಗಬಹುದು. ಇಂದು 192.168.1.20ಕ್ಕೆ ತೆರೆದ ಬಾಗಿಲು ನಾಳೆ ಬೇರೆ ಯಾವುದೋ ಸಾಧನದ ಕಡೆಗೆ ತೆರೆದುಕೊಂಡಿರುತ್ತದೆ. ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಹುಡುಕಿ, ಕನ್ಸೋಲಿನ ಮ್ಯಾಕ್ ವಿಳಾಸಕ್ಕೆ (ಸಾಧನದ ಯಂತ್ರಾಂಶದ ಗುರುತಿನ ಸಂಖ್ಯೆ) ಒಂದು ಐಪಿ ಕಾಯಂ ಮಾಡಿ. ವೈಫೈಗೂ ಕೇಬಲ್ಲಿಗೂ ಬೇರೆ ಬೇರೆ ಮ್ಯಾಕ್ ವಿಳಾಸ ಇರುತ್ತದೆ. ನೀವು ಬಳಸುವುದನ್ನೇ ನೋಡಿ ಹಾಕಿ.

## ಹಂತ 5: ಮೊದಲು ಯುಪಿಎನ್‌ಪಿ

ಯುಪಿಎನ್‌ಪಿ ಆನ್ ಇದ್ದರೆ ಕನ್ಸೋಲ್ ತಾನೇ ರೂಟರನ್ನು ಕೇಳಿಕೊಂಡು ತನಗೆ ಬೇಕಾದ ಪೋರ್ಟನ್ನು ತೆರೆಸಿಕೊಳ್ಳುತ್ತದೆ. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು. ರೂಟರಿನ ಅಡ್ವಾನ್ಸ್‌ಡ್ ಅಥವಾ ನ್ಯಾಟ್ ಫಾರ್ವರ್ಡಿಂಗ್ ವಿಭಾಗದಲ್ಲಿ ಅದನ್ನು ಆನ್ ಮಾಡಿ. ಈಗಾಗಲೇ ಆನ್ ಇದ್ದೂ ಕೆಲಸ ಮಾಡದಿದ್ದರೆ ಆಫ್ ಮಾಡಿ ಸೇವ್ ಮಾಡಿ, ರೂಟರನ್ನು ಮರುಪ್ರಾರಂಭಿಸಿ, ಮತ್ತೆ ಆನ್ ಮಾಡಿ. ಹಳೆಯ ಸಾಲುಗಳು ಅಂಟಿಕೊಂಡು ಕೂತಿರುವುದು ಬಹಳ ಸಾಮಾನ್ಯ.

ಕ್ರಮ ಮುಖ್ಯ. ಕನ್ಸೋಲನ್ನು ಪೂರ್ತಿ ಆರಿಸಿ. ನಿದ್ರಾಸ್ಥಿತಿ ಸಾಲದು, ಏಕೆಂದರೆ ಆ ಸ್ಥಿತಿಯಲ್ಲಿ ಅದು ಹಳೆಯ ಸಂಪರ್ಕದ ನೆನಪನ್ನೇ ಹಿಡಿದಿರುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಮುಂಭಾಗದ ಗುಂಡಿಯನ್ನು 10 ಸೆಕೆಂಡ್ ಒತ್ತಿ ಹಿಡಿದರೆ ಪೂರ್ತಿ ಆರುತ್ತದೆ. ಅನಂತರ ರೂಟರ್ ಮರುಪ್ರಾರಂಭಿಸಿ, ಅದು ಸಂಪೂರ್ಣ ಎದ್ದು ಇಂಟರ್ನೆಟ್ ಬಂದ ಮೇಲೆ ಕನ್ಸೋಲ್ ಆನ್ ಮಾಡಿ. ರೂಟರಿನ ಯುಪಿಎನ್‌ಪಿ ಪುಟದಲ್ಲಿ ಈಗ ನಿಮ್ಮ ಕನ್ಸೋಲಿನ ಐಪಿ ಇರುವ ಸಾಲೊಂದು ಮೂಡಿರಬೇಕು. ಅದು ಕಂಡರೆ ಪರೀಕ್ಷೆಯಲ್ಲೂ ಫಲ ಕಾಣುತ್ತದೆ.

ಯುಪಿಎನ್‌ಪಿ ಯಾರನ್ನೂ ನೀನು ಯಾರು ಎಂದು ಕೇಳುವುದಿಲ್ಲ. ಮನೆಯೊಳಗಿನ ಯಾವ ಸಾಧನ ಕೇಳಿದರೂ ಬಾಗಿಲು ತೆರೆಯುತ್ತದೆ, ಸೋಂಕು ತಗುಲಿದ ಒಂದು ಅಗ್ಗದ ಕ್ಯಾಮೆರಾ ಕೇಳಿದರೂ ಸಹ. ಆದ್ದರಿಂದ ಆ ಪುಟವನ್ನು ಆಗಾಗ ತೆರೆದು ಗುರುತಿಲ್ಲದ ಸಾಲುಗಳಿವೆಯೇ ನೋಡಿ. ಮನೆಯಲ್ಲಿ ನಂಬಲಾಗದ ಸಾಧನಗಳು ಹೆಚ್ಚಿದ್ದರೆ ಯುಪಿಎನ್‌ಪಿ ಬಿಟ್ಟು ಮುಂದಿನ ಹಂತವನ್ನು ಆರಿಸಿಕೊಳ್ಳಿ.

## ಹಂತ 6: ಕೈಯಾರೆ ಪೋರ್ಟ್ ಫಾರ್ವರ್ಡಿಂಗ್

ಈಗ ಬಂತು ಎಲ್ಲರೂ ಮೊದಲು ಮಾಡುವ ಕೆಲಸ: ಹೊರಗಿನ ಪೋರ್ಟಿಗೆ ಬಂದದ್ದನ್ನು ಕನ್ಸೋಲಿಗೆ ಕಳುಹಿಸು ಎಂದು ರೂಟರಿಗೆ ನಾವೇ ನಿಯಮ ಬರೆಯುವುದು. ಯುಪಿಎನ್‌ಪಿ ಮತ್ತು ಕೈಯಾರೆ ಬರೆದ ನಿಯಮ ಒಂದೇ ಪೋರ್ಟಿಗೆ ಜಗಳವಾಡಬಹುದು, ಆದ್ದರಿಂದ ಇದನ್ನು ಪ್ರಯತ್ನಿಸುವಾಗ ಯುಪಿಎನ್‌ಪಿ ಆಫ್ ಇರಲಿ.

ಎಕ್ಸ್‌ಬಾಕ್ಸ್‌ಗೆ ಮುಖ್ಯವಾದದ್ದು 3074, ಟಿಸಿಪಿ (ತಲುಪಿದ್ದನ್ನು ಖಚಿತಪಡಿಸಿಕೊಳ್ಳುವ ವಿಧಾನ) ಮತ್ತು ಯುಡಿಪಿ ಎರಡೂ. ಜೊತೆಗೆ ಯುಡಿಪಿ 88, 500, 3544, 4500. ಇವುಗಳಲ್ಲಿ 3544 ಎಂಬುದು ಟೆರೆಡೊದ ಪೋರ್ಟ್. ಐಪಿವಿ4 ಸಂಪರ್ಕದ ಮೇಲೆ ಐಪಿವಿ6 (ಹೊಸ ವಿಳಾಸ ಪದ್ಧತಿ) ಸಾಗಿಸುವ ಈ ವಿಧಾನವನ್ನು ಎಕ್ಸ್‌ಬಾಕ್ಸ್ ಬಳಸುತ್ತದೆ. ಟೆರೆಡೊ ಬಗ್ಗೆ ದೂರುವ ಸಂದೇಶ ಪರದೆಯಲ್ಲಿ ಬಂದರೆ ಮೊದಲು ಈ ಸಂಖ್ಯೆಯನ್ನು ನೋಡಿ. ಪ್ಲೇಸ್ಟೇಷನ್‌ಗೆ ಟಿಸಿಪಿ 3478, 3479, 3480 ಮತ್ತು ಯುಡಿಪಿ 3478, 3479. ಈ 3478 ಬೇರೇನೂ ಅಲ್ಲ, ಹೊರವಿಳಾಸ ತಿಳಿಸಿಕೊಡುವ ಸ್ಟನ್ ಸೇವೆಯ ಅಧಿಕೃತ ಪೋರ್ಟ್. ಮೇಲೆ ಹೇಳಿದ ಮಧ್ಯವರ್ತಿಯ ಕೆಲಸ ನಡೆಯುವುದು ಇಲ್ಲಿಯೇ. ನಿಂಟೆಂಡೊ ಬಹಳ ವಿಶಾಲವಾದ ಯುಡಿಪಿ ಶ್ರೇಣಿಯನ್ನು ಕೇಳುತ್ತದೆ, ಅದನ್ನು ಸ್ವಿಚ್‌ನ ಐಪಿಗೆ ಮಾತ್ರ ತೆರೆಯಿರಿ, ಅಗತ್ಯ ಬಿದ್ದಾಗ ಮಾತ್ರ ತೆರೆಯಿರಿ.

80 ಮತ್ತು 443 ಪಟ್ಟಿಗಳಲ್ಲಿ ಇರುತ್ತವೆ. ಇವು ಕನ್ಸೋಲ್ ಹೊರಗೆ ಹೋಗಲು ಬಳಸುವ ಪೋರ್ಟುಗಳು. ಇವನ್ನು ಒಳಮುಖವಾಗಿ ಫಾರ್ವರ್ಡ್ ಮಾಡುವುದರಿಂದ ಸಾಮಾನ್ಯವಾಗಿ ಲಾಭವಿಲ್ಲ, ರೂಟರಿನ ಆಡಳಿತ ಪುಟದೊಂದಿಗೆ ಘರ್ಷಣೆ ಬರುವ ಸಂಭವವಿದೆ. ನಾನು ಬಿಟ್ಟುಬಿಡುತ್ತೇನೆ.

ಪ್ರತಿ ನಿಯಮದಲ್ಲೂ ಹೊರಪೋರ್ಟ್, ಒಳಪೋರ್ಟ್, ಕನ್ಸೋಲಿನ ಐಪಿ, ಟಿಸಿಪಿಯೋ ಯುಡಿಪಿಯೋ ಎಂಬುದು ಇರುತ್ತದೆ. ತಪ್ಪಾಗುವುದು ಹೆಚ್ಚಾಗಿ ಕೊನೆಯದರಲ್ಲಿ. ಆಟದ ಸಂಚಾರ ಬಹುಪಾಲು ಯುಡಿಪಿ. ಟಿಸಿಪಿ ಮಾತ್ರ ತೆರೆದು ಕೂತರೆ ಏನೂ ಬದಲಾಗುವುದಿಲ್ಲ.

ಕನ್ಸೋಲನ್ನೇ ಡಿಎಂಜೆಡ್‌ಗೆ ಹಾಕುವ ಸಲಹೆಯೂ ಕೇಳಿಬರುತ್ತದೆ. ಅದರರ್ಥ ಎಲ್ಲ ಪೋರ್ಟುಗಳನ್ನೂ ಅದಕ್ಕೆ ತೆರೆದಿಡುವುದು. ತೊಡಕು ನಿಮ್ಮ ರೂಟರಿನಲ್ಲಿದೆಯೇ ಎಂದು ಹತ್ತು ನಿಮಿಷ ಪರೀಕ್ಷಿಸಲು ಸರಿ. ಹಾಗೆ ಹಾಕಿದ ಮೇಲೂ ಸ್ಟ್ರಿಕ್ಟ್ ಇದ್ದರೆ ಗೋಡೆ ಬೇರೆಲ್ಲೋ ಇದೆ ಎಂದು ಖಚಿತವಾಯಿತು. ಪರೀಕ್ಷೆ ಮುಗಿದೊಡನೆ ತೆಗೆದುಬಿಡಿ. ಕಂಪ್ಯೂಟರನ್ನಂತೂ ಎಂದೂ ಅಲ್ಲಿ ಹಾಕಬೇಡಿ.

ಪಿಎಫ್‌ಸೆನ್ಸ್‌ನಂಥ ಫೈರ್‌ವಾಲ್ ಬಳಸುವವರಿಗೆ ಒಂದು ವಿಶೇಷ ಸೂಚನೆ: ಅದು ಹೊರಹೋಗುವ ಪೋರ್ಟನ್ನು ಸುರಕ್ಷತೆಗಾಗಿ ಸಹಜವಾಗಿಯೇ ಬದಲಿಸುತ್ತದೆ, ಅಂದರೆ ನಾವು ಮೇಲೆ ನೋಡಿದ 41377ರ ಕಥೆಯೇ. ಔಟ್‌ಬೌಂಡ್ ನ್ಯಾಟ್‌ನಲ್ಲಿ ಕನ್ಸೋಲಿನ ಐಪಿಗೆ ಮಾತ್ರ ಸ್ಟ್ಯಾಟಿಕ್ ಪೋರ್ಟ್ ಆಯ್ಕೆ ಕೊಟ್ಟರೆ ಪರಿಹಾರ.

## ಹಂತ 7: ಗೋಡೆ ಸೇವಾದಾರರದ್ದಾಗಿದ್ದರೆ

ಮೊದಲು ಸೇವಾದಾರರಿಗೆ ಕರೆ ಮಾಡಿ, ಆದರೆ ಸರಿಯಾದ ಮಾತು ಕೇಳಿ. ನನ್ನ ನ್ಯಾಟ್ ಸ್ಟ್ರಿಕ್ಟ್ ಇದೆ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ನನ್ನ ಸಂಪರ್ಕ ಕ್ಯಾರಿಯರ್ ಗ್ರೇಡ್ ನ್ಯಾಟ್ ಹಿಂದೆ ಇದೆ, ವ್ಯಾನ್ ವಿಳಾಸ ಇದು, ನನಗೆ ಸಾರ್ವಜನಿಕ ಐಪಿವಿ4 ವಿಳಾಸ ಬೇಕು ಎಂದು ಹೇಳಿ. ಸ್ಟ್ಯಾಟಿಕ್ ಐಪಿ, ಅಂದರೆ ಎಂದೂ ಬದಲಾಗದ ವಿಳಾಸ, ಬೇರೆ, ಸಾರ್ವಜನಿಕ ಐಪಿ ಬೇರೆ. ಆಟಕ್ಕೆ ಬೇಕಾದದ್ದು ಸಾರ್ವಜನಿಕ ವಿಳಾಸ. ಅದು ಆಗಾಗ ಬದಲಾದರೂ ತೊಂದರೆಯಿಲ್ಲ. ಹಲವೆಡೆ ಸ್ಟ್ಯಾಟಿಕ್ ವಿಳಾಸವನ್ನು ಹೆಚ್ಚುವರಿ ಶುಲ್ಕಕ್ಕೆ ಕೊಡುತ್ತಾರೆ, ಬರೀ ಸಾರ್ವಜನಿಕ ವಿಳಾಸವನ್ನು ಕೇಳಿದರೆ ಕೆಲವೊಮ್ಮೆ ಹಾಗೆಯೇ ಕೊಡುತ್ತಾರೆ.

ಅದು ಸಿಗದಿದ್ದರೆ ಐಪಿವಿ6 ಇದೆಯೇ ನೋಡಿ. ಅಲ್ಲಿ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಇರುವುದರಿಂದ ನ್ಯಾಟ್‌ನ ಅಗತ್ಯವೇ ಇಲ್ಲ. ರೂಟರಿನಲ್ಲಿ ಆನ್ ಮಾಡಿ ಎಕ್ಸ್‌ಬಾಕ್ಸ್‌ನಲ್ಲಿ ಮತ್ತೆ ಪರೀಕ್ಷಿಸಿ. ಆದರೆ ಐಪಿವಿ6 ಇದ್ದೊಡನೆ ಬಾಗಿಲು ತೆರೆದಂತಲ್ಲ, ರೂಟರಿನ ಫೈರ್‌ವಾಲ್ ಅಲ್ಲೂ ಕರೆಯದವರನ್ನು ತಡೆಯುತ್ತದೆ. ಎಲ್ಲ ಆಟಗಳೂ ಐಪಿವಿ6 ಬಳಸುವುದೂ ಇಲ್ಲ.

ಪೋರ್ಟ್ ಫಾರ್ವರ್ಡಿಂಗ್ ಕೊಡುವ ವಿಪಿಎನ್ ಇನ್ನೊಂದು ದಾರಿ. ಅದನ್ನು ರೂಟರಿನಲ್ಲಿ ಹಾಕಬೇಕು, ಪ್ಯಾಕೆಟ್ಟುಗಳು ಸುತ್ತುಬಳಸಿ ಹೋಗುವುದರಿಂದ ಪಿಂಗ್ ಏರಬಹುದು. ಸಾಮಾನ್ಯ ವಿಪಿಎನ್ ಎಂದರೆ ಇನ್ನೊಂದು ಗೋಡೆ ಕಟ್ಟಿಕೊಂಡಂತೆ. ಆ ಸೌಲಭ್ಯ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಇವು ಯಾವುವೂ ಆಗದಿದ್ದರೆ ಗುಂಪಿನಲ್ಲಿ ಓಪನ್ ಇರುವವರು ಹೋಸ್ಟ್ ಮಾಡಲಿ. ಸ್ಟ್ರಿಕ್ಟ್ ಇರುವವರು ಅವರೊಂದಿಗೆ ಕೂಡಬಲ್ಲರು ಎಂಬುದನ್ನು ನೋಡಿದೆವಲ್ಲ. ಎಲ್ಲರೂ ಕಂಪನಿಯ ಸ್ವಂತ ಸರ್ವರ್‌ಗೆ ಜೋಡಿಸಿಕೊಳ್ಳುವ ಆಟಗಳಲ್ಲಿ ನ್ಯಾಟ್ ಟೈಪ್‌ನ ಪ್ರಭಾವ ಅಷ್ಟಾಗಿ ಇರುವುದಿಲ್ಲ.

## ಒಂದೇ ಮನೆಯಲ್ಲಿ ಎರಡು ಕನ್ಸೋಲ್

ಒಂದು ಹೊರಪೋರ್ಟನ್ನು ಒಂದು ಸಾಧನಕ್ಕೆ ಮಾತ್ರ ಕೊಡಲು ಸಾಧ್ಯ. 3074 ಅನ್ನು ಅಣ್ಣನ ಎಕ್ಸ್‌ಬಾಕ್ಸ್ ಹಿಡಿದರೆ ತಂಗಿಯ ಎಕ್ಸ್‌ಬಾಕ್ಸ್ ಮಾಡರೇಟ್‌ಗೆ ಇಳಿಯುತ್ತದೆ. ಯುಪಿಎನ್‌ಪಿ ಚೆನ್ನಾಗಿರುವ ರೂಟರ್ ಎರಡನೆಯದಕ್ಕೆ ಬೇರೆ ಪೋರ್ಟ್ ಕೊಟ್ಟು ನಿಭಾಯಿಸುತ್ತದೆ. ಇಲ್ಲದಿದ್ದರೆ ಒಂದು ಎಕ್ಸ್‌ಬಾಕ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಆಲ್ಟರ್ನೇಟ್ ಪೋರ್ಟ್ ಸೆಲೆಕ್ಷನ್ ತೆರೆದು ಬೇರೆ ಸಂಖ್ಯೆ ಆರಿಸಿ, ರೂಟರಿನಲ್ಲಿ ಆ ಸಂಖ್ಯೆಯನ್ನು ಆ ಕನ್ಸೋಲಿಗೆ ಫಾರ್ವರ್ಡ್ ಮಾಡಿ. ಇಬ್ಬರಿಗೂ ಓಪನ್ ಇದ್ದೂ ಮನೆಯೊಳಗೆ ಒಬ್ಬರಿಗೊಬ್ಬರು ಸಿಗದಿದ್ದರೆ ರೂಟರಿನಲ್ಲಿ ನ್ಯಾಟ್ ಲೂಪ್‌ಬ್ಯಾಕ್ ಇದೆಯೇ ಪರಿಶೀಲಿಸಿ. ಹೊರವಿಳಾಸಕ್ಕೆ ಹೊರಟ ಪ್ಯಾಕೆಟನ್ನು ಒಳಗಿನಿಂದಲೇ ತಿರುಗಿಸಿ ಕೊಡುವ ಸಾಮರ್ಥ್ಯ ಅದು.

## ಕೊನೆಯ ಪರೀಕ್ಷೆ

ಪರದೆಯ ಮೇಲೆ ಓಪನ್ ಅಥವಾ ಟೈಪ್ 2 ಬಂದ ಮಾತ್ರಕ್ಕೆ ಏಳಬೇಡಿ. ಹಿಂದೆ ಯಾರ ಧ್ವನಿ ಕೇಳಿಸುತ್ತಿರಲಿಲ್ಲವೋ ಅವರನ್ನೇ ಪಾರ್ಟಿಗೆ ಕರೆಯಿರಿ, ನೀವೇ ಹೋಸ್ಟ್ ಮಾಡಿ, ಅರ್ಧ ಗಂಟೆ ಆಡಿ. ಪಿಂಗ್ ಇಳಿದಿರುವುದಿಲ್ಲ, ನ್ಯಾಟ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ವೈಫೈ ದುರ್ಬಲವಾಗಿದ್ದರೆ ಅದು ಹಾಗೆಯೇ ಇರುತ್ತದೆ, ಅದಕ್ಕೆ ಕೇಬಲ್ ಎಳೆಯಬೇಕು. ಬದಲಾಗಿರಬೇಕಾದದ್ದು ಯಾರು ಯಾರೊಂದಿಗೆ ಕೂಡಬಲ್ಲರು ಎಂಬುದು.

ಎಲ್ಲ ಸರಿಯಾದ ಮೇಲೆ ರೂಟರಿನ ಆ ಪುಟಗಳ ಫೋಟೊ ಮತ್ತೊಮ್ಮೆ ತೆಗೆದಿಡಿ. ಫರ್ಮ್‌ವೇರ್ ನವೀಕರಣದ ನಂತರ, ಸೇವಾದಾರರು ಪೆಟ್ಟಿಗೆ ಬದಲಿಸಿದ ನಂತರ ಈ ಸೆಟ್ಟಿಂಗ್‌ಗಳು ಅಳಿಸಿಹೋಗಬಹುದು, ಆಗ ಹಂತ 2ರ ಕಾಗದದಿಂದ ಮತ್ತೆ ಆರಂಭಿಸಿ. ಹಾಗೆಯೇ ಕನ್ಸೋಲನ್ನು ಮಾರಿದ ದಿನ ಅದರ ಹೆಸರಿನಲ್ಲಿ ತೆರೆದ ಪೋರ್ಟುಗಳನ್ನೂ ಕಾಯಂ ಮಾಡಿದ ವಿಳಾಸವನ್ನೂ ರೂಟರಿನಿಂದ ಅಳಿಸಿ.